ಅಪ್ಪನ ತೋಟದ ದಿನಚರಿ ಮತ್ತು ಮೂರು ಆಪರೇಟಿಂಗ್ ಸಿಸ್ಟಂಗಳು: ಕೆಲಸದ ದಾಖಲೆ

ಅಕ್ಟೋಬರ್ 19, 2025

ಅಪ್ಪ 2003ರ ಏಪ್ರಿಲ್‌ನಿಂದ 2012ರ ಮಾರ್ಚ್‌ವರೆಗೆ ನಮ್ಮ ಅಡಿಕೆ ತೋಟದ ದಿನಚರಿಯನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದಾರೆ. ತಿಂಗಳಿಗೊಂದರಂತೆ 108 ಕಡತಗಳು; ಅವಲ್ಲದೆ ಕೊಳೆರೋಗ (ಅಡಿಕೆಗೆ ಮಳೆಗಾಲದಲ್ಲಿ ಬರುವ ರೋಗ), ಬೋರ್ಡೋ ದ್ರಾವಣ (ಅದಕ್ಕೆ ಸಿಂಪಡಿಸುವ ಔಷಧಿ), ಕಾಳುಮೆಣಸು, ಕೂಲಿ ಲೆಕ್ಕ ಎಂದು ವಿಷಯವಾರು ಬರೆದ 23 ಕಡತಗಳು. ಈ 131 ಕಡತಗಳನ್ನೂ ಅವರು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ, ಅಂದಿನ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿ ವರ್ಡ್ ಕಡತಗಳಾಗಿ ಉಳಿಸಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಕನ್ನಡ ಅಕ್ಷರವೂ ಕಾಣುವುದಿಲ್ಲ, ಚುಕ್ಕಿ ಗೆರೆಗಳನ್ನು ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲುಗಳು ಕಾಣುತ್ತವೆ.

ಬಹಳ ದಿನಗಳಿಂದ ಮುಂದೂಡುತ್ತಿದ್ದ ಕೆಲಸವನ್ನು ಈಗ ಕೈಗೆತ್ತಿಕೊಳ್ಳಲು ಮನೆಯ ಡೆಸ್ಕ್‌ಟಾಪ್ ಕಾರಣ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ ಈ ತಿಂಗಳ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದ್ದೋ ಅದರ ನಂತರದ್ದೋ ಆಗಿರಬೇಕು. ನಮ್ಮದು ಆರನೆಯ ಪೀಳಿಗೆಯ ಐ3. ಎಂಟು ಜಿಬಿ ಮೆಮೊರಿ ಇರುವ, ಮೂರು ವರ್ಷದ ಹಿಂದೆ ಎಸ್‌ಎಸ್‌ಡಿ ಹಾಕಿಸಿದ, ಯಾವ ದೋಷವೂ ಇಲ್ಲದ ಯಂತ್ರ ಅದು. ವಿಸ್ತರಿತ ಭದ್ರತಾ ನವೀಕರಣಕ್ಕೆ ಹೆಸರು ನೋಂದಾಯಿಸಿ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ಅವಕಾಶ ಪಡೆದಿದ್ದೇನೆ. ಅದರೊಳಗೆ ಅಪ್ಪನ ಬರಹ ಯಾವ ಆಪರೇಟಿಂಗ್ ಸಿಸ್ಟಂನ ಹಂಗೂ ಇಲ್ಲದೆ ಓದಲು ಸಿಗಬೇಕು. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲಿಯೂ ಒಂದೇ ಫೋಲ್ಡರು ಒಂದೇ ರೀತಿ ತೆರೆಯಬೇಕು, ಹುಡುಕಿದ ಪದ ಮೂರರಲ್ಲಿಯೂ ಸಿಗಬೇಕು, ಮೂರರಲ್ಲಿಯೂ ತಿದ್ದಲು ಬರಬೇಕು. ಮ್ಯಾಕ್ ನಮ್ಮಲ್ಲಿಲ್ಲ. ಅಕ್ಕನ ಮಗಳು ತನ್ನ 2011ರ ಮ್ಯಾಕ್‌ಬುಕ್ ಪ್ರೊ ಕೊಡುತ್ತೇನೆಂದು ಹೇಳಿದ್ದಾಳೆ.

ಅಕ್ಟೋಬರ್ 26

ದೀಪಾವಳಿಯ ರಜೆಯಲ್ಲಿ ವಿಂಡೋಸ್ ಪಕ್ಕದಲ್ಲಿಯೇ ಲಿನಕ್ಸ್ ಮಿಂಟ್ 22 ಅನ್ನು ಸ್ಥಾಪಿಸಿದೆ. ಉಬುಂಟು 24.04ರ ತಳಹದಿಯ ಈ ಆವೃತ್ತಿಗೆ 2029ರವರೆಗೆ ನವೀಕರಣ ಸಿಗುತ್ತದೆ. 2 ಜಿಬಿ ಮೆಮೊರಿಯಿದ್ದರೂ ಇದು ನಡೆಯುತ್ತದೆ. ಸ್ಥಾಪನೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂಗಳನ್ನು ಇಟ್ಟಾಗ ಅವುಗಳ ನಡುವಿನ ವ್ಯತ್ಯಾಸ ಎಂಥ ಸಣ್ಣ ಜಾಗಗಳಲ್ಲಿ ಇರುತ್ತದೆ ಎಂಬುದು ಮಾತ್ರ ನಂತರದ ಎರಡು ದಿನಗಳಲ್ಲಿ ತಿಳಿಯಿತು.

ಮೊದಲನೆಯದು ಗಡಿಯಾರ. ಲಿನಕ್ಸ್ ಬಳಸಿ ಮತ್ತೆ ವಿಂಡೋಸ್‌ಗೆ ಬಂದಾಗ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿತ್ತು. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ. ಅದು ವಿಂಡೋಸ್‌ಗೂ ಮೊದಲಿದ್ದ ಮೈಕ್ರೋಸಾಫ್ಟ್‌ನ ಡಾಸ್ ಕಾಲದಿಂದ ಬಂದ ರೂಢಿ. ಯುನಿಕ್ಸ್ ಪರಂಪರೆಯ ಲಿನಕ್ಸ್ ಅಲ್ಲಿ ಜಾಗತಿಕ ಪ್ರಮಾಣ ಸಮಯವನ್ನು ಬರೆದಿಡುತ್ತದೆ. ಇವೆರಡರ ಅಂತರವೇ ನಮ್ಮ ದೇಶದ ಐದೂವರೆ ಗಂಟೆ. ಸ್ಥಳೀಯ ಸಮಯವನ್ನೇ ಇಡಬೇಕೆಂದು ಲಿನಕ್ಸ್‌ಗೆ ಒಂದು ಸಾಲಿನ ಆದೇಶ ಕೊಟ್ಟ ಮೇಲೆ ಸರಿಹೋಯಿತು. ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಈ ಉಪಾಯದಿಂದ ಗೊಂದಲವಾಗಬಹುದು, ನಮಗೆ ಆ ಚಿಂತೆ ಇಲ್ಲ.

ಎರಡನೆಯದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ. ಕಂಪ್ಯೂಟರನ್ನು ಮುಚ್ಚಿದೆವೆಂದು ನಾವು ತಿಳಿದರೂ ಅದು ಅರ್ಧ ನಿದ್ರೆಯ ಸ್ಥಿತಿಯಲ್ಲಿ ಉಳಿದಿರುತ್ತದೆ, ಹಾಗಿರುವಾಗ ವಿಂಡೋಸ್‌ನ ಎನ್‌ಟಿಎಫ್‌ಎಸ್ (ಡಿಸ್ಕಿನಲ್ಲಿ ಕಡತಗಳನ್ನು ಇಡುವ ವ್ಯವಸ್ಥೆ) ವಿಭಾಗವನ್ನು ಲಿನಕ್ಸ್ ಓದಲು ಮಾತ್ರ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಆ ಸೌಲಭ್ಯವನ್ನು ನಿಲ್ಲಿಸಿದ್ದೇನೆ.

ನವೆಂಬರ್ 1

ರಾಜ್ಯೋತ್ಸವದ ದಿನ ಪರಿವರ್ತನೆಯ ಕೆಲಸ ಶುರುವಾಯಿತು.

ಹಳೆಯ ನುಡಿ ಕಡತಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಇವೆ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅವು ಉಚ್ಚರಿಸುವ ಕ್ರಮದಲ್ಲಿ ಇರಬೇಕು. ಈ ವ್ಯತ್ಯಾಸ ಅರ್ಕಾವತ್ತಿನಲ್ಲಿ ಎದ್ದು ಕಾಣುತ್ತದೆ. ದಿನಚರಿಯ ಪ್ರತಿ ಪುಟದಲ್ಲಿಯೂ ಬರುವ ‘ಖರ್ಚು’ ಎಂಬ ಪದವನ್ನು ತೆಗೆದುಕೊಂಡರೆ, ಹಳೆಯ ಕಡತದಲ್ಲಿ ಮೊದಲು ‘ಖ’, ಆಮೇಲೆ ‘ಚು’, ಕೊನೆಗೆ ಅರ್ಕಾವತ್ತಿನ ಚಿಹ್ನೆ ಇರುತ್ತದೆ. ಪರಿವರ್ತಿಸುವಾಗ ಆ ಚಿಹ್ನೆಯನ್ನು ‘ರ್’ ಆಗಿಸಿ, ಹಿಂದಿನ ಇಡೀ ಅಕ್ಷರವನ್ನು ದಾಟಿಸಿ ಮುಂದಕ್ಕೆ ತರಬೇಕು. ನಾನು ಪೈಥಾನ್‌ನಲ್ಲಿ ಬರೆದ ಮೊದಲ ಪ್ರಯತ್ನದಲ್ಲಿ ಈ ಹೆಜ್ಜೆ ತಪ್ಪಿ ಎಲ್ಲ ಕಡೆ ‘ಖಚುರ್’ ಎಂದಾಯಿತು, ಎರಡನೆಯ ಪ್ರಯತ್ನದಲ್ಲಿ ಒತ್ತಕ್ಷರವಿದ್ದ ಕಡೆಗಳಲ್ಲಿ ತಪ್ಪಿತು, ಮೂರನೆಯದು ಸರಿಬಂದಿದೆ.

ಇನ್ನೊಂದು ತೊಡಕು ಬೆರಕೆ ಬರಹದ್ದು. ಅಪ್ಪ ಬೋರ್ಡೋ ದ್ರಾವಣದ ಲೆಕ್ಕವನ್ನು, ಎಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ ಮತ್ತು 1 ಕೆಜಿ ಸುಣ್ಣ ಎಂಬುದನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಔಷಧಿಯ ಹೆಸರನ್ನು ಇಂಗ್ಲಿಷ್ ಫಾಂಟಿನಲ್ಲಿ ಬರೆಯುತ್ತಿದ್ದರು. ಫಾಂಟಿನ ಹೆಸರನ್ನು ಕಳೆದು ಬರಿಯ ಪಠ್ಯವನ್ನು ಪರಿವರ್ತಿಸಿದರೆ ಆ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಆದ್ದರಿಂದ ಕಡತಗಳನ್ನು ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶದ ಮೂಲಕ ಅದರ ಒಡಿಟಿ ಸ್ವರೂಪಕ್ಕೆ ತಂದು, ಪ್ರತಿಯೊಂದು ತುಣುಕಿನ ಫಾಂಟಿನ ಹೆಸರು ನೋಡಿ, ನುಡಿಯ ಫಾಂಟು ಇದ್ದ ತುಣುಕುಗಳನ್ನು ಮಾತ್ರ ಪರಿವರ್ತಿಸುವಂತೆ ಮಾಡಿದ್ದೇನೆ. ಇಂದು ಸಂಜೆಗೆ 131ರಲ್ಲಿ 40 ಕಡತಗಳು ಮುಗಿದಿವೆ.

ನವೆಂಬರ್ 9

ಈ ವಾರ ಪರಿವರ್ತನೆ ಹೆಚ್ಚು ಮುಂದುವರಿಯಲಿಲ್ಲ. ಅಪ್ಪನ ಬರಹ ಇಷ್ಟು ವರ್ಷ ಏಕೆ ವಿಂಡೋಸ್‌ನೊಳಗೇ ಉಳಿಯಿತು ಎಂಬ ಪ್ರಶ್ನೆ ತಲೆಯಲ್ಲಿತ್ತು; ಅದಕ್ಕೆ ಸಿಕ್ಕ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದಕ್ಕೆ ಡಾಸ್ ಒದಗಿಸಿದ ಮೈಕ್ರೋಸಾಫ್ಟ್, ಬೇರೆ ತಯಾರಕರಿಗೂ ಅದನ್ನು ಮಾರುವ ಹಕ್ಕನ್ನು ತನ್ನಲ್ಲಿಯೇ ಇಟ್ಟುಕೊಂಡಿತು. ಐಬಿಎಂ ಪಿಸಿಯ ತದ್ರೂಪಿ ಯಂತ್ರಗಳನ್ನು ಹತ್ತಾರು ಕಂಪನಿಗಳು ಮಾಡತೊಡಗಿದಂತೆ ಅವೆಲ್ಲವುಗಳ ಜೊತೆಗೆ ಮೊದಲು ಡಾಸ್, ಆಮೇಲೆ ವಿಂಡೋಸ್ ಮನೆಗಳನ್ನು ಸೇರಿತು. ತಯಾರಕರು ಯಂತ್ರದಲ್ಲಿ ಏನನ್ನು ಹಾಕಿ ಮಾರಿದರೂ ಪ್ರತಿ ಪ್ರೊಸೆಸರ್‌ಗೆ ಇಂತಿಷ್ಟು ಎಂದು ಹಣ ಕೊಡಬೇಕಾಗಿದ್ದ ಪರವಾನಗಿ ಪದ್ಧತಿ 1994ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಂದಿಗಿನ ಒಪ್ಪಂದದ ನಂತರವೇ ನಿಂತಿತು. ಆಪಲ್ ತನ್ನ ಸಿಸ್ಟಂ ಅನ್ನು ತನ್ನ ಯಂತ್ರದೊಂದಿಗೇ ಮಾರುವ ದಾರಿ ಹಿಡಿಯಿತು, ನಡುವೆ ಸ್ವಲ್ಪ ಕಾಲ ಬೇರೆಯವರಿಗೆ ಕೊಟ್ಟು 1997ರಲ್ಲಿ ಅದನ್ನು ಹಿಂತೆಗೆದುಕೊಂಡಿತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಸರ್ವರ್‌ಗಳನ್ನು ಆವರಿಸಿತು. ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಅದನ್ನು ಬಹುಮಟ್ಟಿಗೆ ನಾವೇ ಸ್ಥಾಪಿಸಿಕೊಳ್ಳಬೇಕಾಯಿತು. ಅಂಗಡಿಯಿಂದ ಬರುವಾಗ ಯಂತ್ರದಲ್ಲಿ ಏನಿರುತ್ತದೆಯೋ ಅದನ್ನೇ ಜನ ಬಳಸುತ್ತಾರೆ. ಜನಪ್ರಿಯತೆಯ ಅಂಕಿಗಳ ಹಿಂದೆ ಗುಣದೋಷಗಳ ತುಲನೆಗಿಂತ ಈ ಕಾರಣವೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಸ್ಟ್ಯಾಟ್‌ಕೌಂಟರ್ ಎಂಬ ಅಂಕಿಅಂಶ ಸಂಸ್ಥೆಯ ಲೆಕ್ಕದಲ್ಲಿ ಲಿನಕ್ಸ್ ಜಗತ್ತಿನ ಡೆಸ್ಕ್‌ಟಾಪ್‌ಗಳಲ್ಲಿ ಮೊದಲ ಸಲ ಶೇ. 4 ದಾಟಿದ್ದು 2024ರ ಫೆಬ್ರವರಿಯಲ್ಲಿ. ಆಗ ವಿಂಡೋಸ್ ಸುಮಾರು ಶೇ. 72, ಮ್ಯಾಕ್ ಸುಮಾರು ಶೇ. 15 ಇದ್ದವು. ಭಾರತದಲ್ಲಿ ಅದೇ ವರ್ಷದ ಮಧ್ಯದಲ್ಲಿ ಲಿನಕ್ಸ್ ಶೇ. 15 ದಾಟಿತ್ತು. ಇವು ಜಾಲತಾಣಗಳ ಪುಟ ಭೇಟಿಗಳನ್ನು ಎಣಿಸಿ ಹಾಕಿದ ಅಂದಾಜುಗಳು, ಮನೆಮನೆಯ ಯಂತ್ರಗಳ ಗಣತಿಯಲ್ಲ. ಆದರೂ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲಿಯೇ ಪಾಠ ನಡೆಸುತ್ತಿರುವುದನ್ನು ನೆನೆದರೆ, ಒಂದು ಸಂಸ್ಥೆ ಮನಸ್ಸು ಮಾಡಿದರೆ ಅಂಕಿ ಎಷ್ಟು ಬದಲಾಗಬಹುದು ಎಂಬುದು ಕಾಣುತ್ತದೆ.

ಕನ್ನಡದ ಮಟ್ಟಿಗೆ ಇದಕ್ಕೆ ಇನ್ನೊಂದು ಸುತ್ತು ಇದೆ. ಬರಹ, ನುಡಿ ಎಂಬ ಎರಡೂ ಕನ್ನಡ ತಂತ್ರಾಂಶಗಳು ವಿಂಡೋಸ್‌ಗಾಗಿ ಬಂದವು, ಏಕೆಂದರೆ ಕನ್ನಡಿಗರ ಮೇಜಿನ ಮೇಲೆ ಇದ್ದದ್ದು ವಿಂಡೋಸ್. ಬರಹ ಮತ್ತು ನುಡಿಯಲ್ಲಿ ಮಾಡಿದ ಕೆಲಸ ಗುಡ್ಡೆಯಾದಂತೆ ಕಚೇರಿಗಳು, ಡಿಟಿಪಿ ಅಂಗಡಿಗಳು, ನಮ್ಮ ಅಪ್ಪನಂಥ ಬರಹಗಾರರು ವಿಂಡೋಸ್ ಬಿಟ್ಟು ಕದಲದಂತಾಯಿತು. ನಿಜವಾದ ಗಂಟು ಇದ್ದದ್ದು ಆಪರೇಟಿಂಗ್ ಸಿಸ್ಟಂನಲ್ಲಿ ಅಲ್ಲ, ಫಾಂಟಿನ ಒಳಗಿನ ಸಂಕೇತದಲ್ಲಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ಇತ್ತು ಎಂಬುದನ್ನು ಈಗ ನೋಡುವಾಗ, ಅಪ್ಪ ಆಗಲೇ ಅದರಲ್ಲಿ ಬರೆದಿದ್ದರೆ ಈ ಕೆಲಸವೇ ಬೇಕಿರಲಿಲ್ಲ ಎಂದು ಮನಸ್ಸಿಗೆ ನೋವಾಗುತ್ತದೆ. ಆದರೆ ಅಂದು ಅವರಿಗೆ ಕಲಿಸಿದವರೂ, ಮುದ್ರಿಸಿ ಕೊಡುತ್ತಿದ್ದವರೂ ನುಡಿಯನ್ನೇ ಬಳಸುತ್ತಿದ್ದರು.

ನವೆಂಬರ್ 23

ಪಠ್ಯದ ಪರಿವರ್ತನೆ 112ಕ್ಕೆ ಬಂದಿದೆ. ಅಕ್ಕನ ಮಗಳು ಮ್ಯಾಕ್‌ಬುಕ್ ತಂದುಕೊಟ್ಟಳು. ಅದರ ಕೊನೆಯ ಅಧಿಕೃತ ಆವೃತ್ತಿ 2017ರ ಹೈ ಸಿಯೆರಾ. ಎಸ್‌ಎಸ್‌ಡಿ ಇದ್ದ ಮ್ಯಾಕ್‌ಗಳು ಆ ಆವೃತ್ತಿಯಲ್ಲಿ ಹೊಸ ಎಪಿಎಫ್‌ಎಸ್ ಕಡತ ವ್ಯವಸ್ಥೆಗೆ ಹೋದರೂ, ಇದರಲ್ಲಿ ಹಳೆಯ ತಿರುಗುವ ಡಿಸ್ಕ್ ಇರುವುದರಿಂದ ಎಚ್‌ಎಫ್‌ಎಸ್ ಪ್ಲಸ್ ಉಳಿದುಕೊಂಡಿದೆ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಆ ಡಿಸ್ಕಿನಿಂದಲೇ.

ಮಿಂಟ್‌ನಿಂದ ಮ್ಯಾಕ್‌ಗೆ ಫೋಲ್ಡರನ್ನು ನಕಲಿಸಿ, ಒಂದೆರಡು ತಿದ್ದುಪಡಿ ಮಾಡಿ, ಜಿಪ್ ಮಾಡಿ ವಾಪಸು ತಂದೆ. ಎರಡೂ ಫೋಲ್ಡರುಗಳನ್ನು ಹೋಲಿಸಿದರೆ ‘ಕಾಳುಮೆಣಸು’ ಎಂಬ ಹೆಸರು ಎರಡರಲ್ಲಿಯೂ ಒಂದೇ ಎಂದು ಬಂತು. ‘ಕೊಳೆರೋಗ’ ಮತ್ತು ‘ಬೋರ್ಡೋ ದ್ರಾವಣ’ ಮಾತ್ರ ಬೇರೆ ಬೇರೆ ಕಡತಗಳೆಂದು ಬಂತು. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸ ಕಾಣದ ಎರಡು ‘ಕೊಳೆರೋಗ’ಗಳು ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಕುಳಿತಿದ್ದವು.

ಕಾರಣ ನಮ್ಮ ಸ್ವರಚಿಹ್ನೆಗಳಲ್ಲಿದೆ. ಯೂನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂದು ಬಿಡಿಸಿಯೂ ಬರೆಯಬಹುದು. ಓಕಾರಕ್ಕೆ ಇವೆರಡರ ಜೊತೆ ದೀರ್ಘದ ಚಿಹ್ನೆಯೂ ಸೇರುತ್ತದೆ. ಈಕಾರ, ಏಕಾರ, ಐಕಾರಗಳಿಗೂ ಹೀಗೆಯೇ ಬಿಡಿಸಿದ ರೂಪ ಇದೆ. ಎಚ್‌ಎಫ್‌ಎಸ್ ಪ್ಲಸ್ ಕಡತಗಳ ಹೆಸರನ್ನು ಯಾವಾಗಲೂ ಬಿಡಿಸಿದ ರೂಪದಲ್ಲಿ ಇಡುತ್ತದೆ. ಹಾಗಾಗಿ ಕೂಡಿಸಿ ಬರೆದಾಗ 7 ಸಂಕೇತಗಳಿರುವ ‘ಕೊಳೆರೋಗ’ ಅಲ್ಲಿ 10 ಸಂಕೇತಗಳಾಗುತ್ತದೆ. ಲಿನಕ್ಸ್‌ನ ಎಕ್ಸ್ಟ್4 ಕಡತ ವ್ಯವಸ್ಥೆಯು ಕಡತದ ಹೆಸರಿನ ಬೈಟುಗಳನ್ನು ಕೊಟ್ಟಂತೆಯೇ ಇಡುತ್ತದೆ, ಆದ್ದರಿಂದ ಅದರ ಪಾಲಿಗೆ ಅವು ಎರಡು ಹೆಸರುಗಳು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಕೂಡ ಈ ವಿಷಯದಲ್ಲಿ ಹಾಗೆಯೇ. ಲಿನಕ್ಸ್‌ನಲ್ಲಿರುವ ಕನ್ವ್‌ಎಂವಿ ಎಂಬ ಸಣ್ಣ ಸಾಧನದಿಂದ ಎಲ್ಲ ಹೆಸರುಗಳನ್ನೂ ಕೂಡಿಸಿದ ರೂಪಕ್ಕೆ ತಂದೆ.

ಉದ್ದದ ಮಿತಿಯೂ ಇದೇ ಸಂದರ್ಭದಲ್ಲಿ ತಿಳಿಯಿತು. ಎಕ್ಸ್ಟ್4ನಲ್ಲಿ ಒಂದು ಹೆಸರಿಗೆ 255 ಬೈಟು, ಯೂನಿಕೋಡ್ ಅನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಎಂದರೆ ಕನ್ನಡ ಹೆಸರು 85 ಸಂಕೇತಗಳಿಗೆ ಮುಗಿಯಬೇಕು. ‘ರ್ಚು’ ಎಂಬ ಒಂದು ಅಕ್ಷರವೇ ನಾಲ್ಕು ಸಂಕೇತ. ಎನ್‌ಟಿಎಫ್‌ಎಸ್ ಬೈಟುಗಳ ಬದಲು 255 ಸಂಕೇತಗಳನ್ನು ಬಿಡುವುದರಿಂದ ಅಲ್ಲಿ ಮೂರು ಪಟ್ಟು ಜಾಗ. ಅಪ್ಪ ಕಡತಕ್ಕೆ ಹೆಸರಿನ ಬದಲು ಒಂದು ವಾಕ್ಯವನ್ನೇ ಇಟ್ಟಿದ್ದ ಐದು ಕಡೆಗಳಲ್ಲಿ ಚಿಕ್ಕದಾಗಿಸಿ, ಮೂಲ ಹೆಸರನ್ನು ಕಡತದ ಮೊದಲ ಸಾಲಿಗೆ ಸೇರಿಸಿದ್ದೇನೆ. ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಲಿನಕ್ಸ್ ಬೇರೆಯೆಂದೂ ವಿಂಡೋಸ್ ಒಂದೇ ಎಂದೂ ನೋಡುವ ಪ್ರಸಿದ್ಧ ತೊಡಕು ಮಾತ್ರ ನಮಗೆ ಬರಲೇ ಇಲ್ಲ. ಕನ್ನಡದಲ್ಲಿ ಆ ಭೇದವೇ ಇಲ್ಲ.

ಡಿಸೆಂಬರ್ 14

ಅಡಿಕೆ ಗೊನೆಗಳ ಕೊಯ್ಲಿನ ಕಾಲವಾದ್ದರಿಂದ ಎರಡು ವಾರ ಕಂಪ್ಯೂಟರಿನ ಹತ್ತಿರ ಹೋಗಲಾಗಲಿಲ್ಲ. ಈಗ ಉಳಿದದ್ದು ಟೈಪಿಂಗ್.

ನಮ್ಮ ಮನೆಯಲ್ಲಿ ಎಲ್ಲರ ಬೆರಳುಗಳಿಗೂ ರೂಢಿಯಾಗಿರುವುದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ: ಎಫ್ ಒತ್ತಿದರೆ ಹಲಂತ, ಕ್ಯೂ ಒತ್ತಿದರೆ ‘ಟ’, ಡಬ್ಲ್ಯೂ ಒತ್ತಿದರೆ ‘ಡ’. ವಿಂಡೋಸ್‌ನೊಂದಿಗೆ ಬರುವ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್, ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಬೇರೆಯೇ ವಿನ್ಯಾಸ. 2019ರ ಮೇ ನವೀಕರಣದಲ್ಲಿ ಉಚ್ಚಾರಣೆ ಆಧಾರಿತ ಕೀಲಿಮಣೆಯೂ ಸೇರಿತು, ಆದರೆ ಕಗಪ ಬೇಕೆಂದರೆ ನುಡಿಯನ್ನೇ ಹಾಕಿಕೊಳ್ಳಬೇಕು. ಮಿಂಟ್‌ನಲ್ಲಿ ಕಗಪ ಮೊದಲೇ ಪಟ್ಟಿಯಲ್ಲಿದ್ದದ್ದು ಕಂಡು ತುಂಬ ಸಂತೋಷವಾಯಿತು. ಆದರೆ ಆ ಪಟ್ಟಿಯ ವಿನ್ಯಾಸ ಹಿಂದಿನ ಅಕ್ಷರ ಯಾವುದೆಂದು ನೋಡುವುದಿಲ್ಲ. ಪದದ ಮೊದಲಲ್ಲಿ ‘ಆ’ ಬರೆಯಲು ಇನ್ನೊಂದು ಕೀಲಿಯನ್ನೂ ಹಿಡಿಯಬೇಕು. ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಎಂ17ಎನ್ ಎಂಬ ಟೈಪಿಂಗ್ ವಿಧಾನಗಳ ಸಂಗ್ರಹದ ಕಗಪ ವಿಧಾನವನ್ನು ಹಾಕಿಕೊಂಡ ಮೇಲೆ, ವ್ಯಂಜನದ ನಂತರ ಸ್ವರಚಿಹ್ನೆ, ಇಲ್ಲವಾದರೆ ಪೂರ್ಣ ಸ್ವರ ಎಂದು ನುಡಿಯಂತೆಯೇ ತಾನಾಗಿ ಬರುತ್ತದೆ. ಮ್ಯಾಕ್‌ನಲ್ಲಿ ಕಗಪ ಇಲ್ಲ. ಅಲ್ಲಿ ಸ್ವಂತ ಕೀಲಿಮಣೆಯ ಕಡತವನ್ನು ತಯಾರಿಸಿ ಲೈಬ್ರರಿ ಫೋಲ್ಡರಿನಲ್ಲಿ ಇಡಬಹುದು. ವ್ಯಂಜನಗಳ ಭಾಗ ಮುಗಿದಿದೆ, ಸ್ವರಗಳದ್ದು ಬಾಕಿ.

ಡಿಸೆಂಬರ್ 28

131 ಕಡತಗಳ ಪರಿವರ್ತನೆಯೂ ಮುಗಿದಿದೆ. ಪುಟದ ರೂಪ ಮೂರು ಕಡೆಗಳಲ್ಲಿಯೂ ಒಂದೇ ಇರಲೆಂದು ನೋಟೋ ಸೆರಿಫ್ ಕನ್ನಡ ಫಾಂಟನ್ನು ಮೂರೂ ಯಂತ್ರಗಳಿಗೆ ಹಾಕಿ, ಲಿಬ್ರೆಆಫೀಸ್‌ನಲ್ಲಿಯೇ ತೆರೆಯುತ್ತಿದ್ದೇನೆ. ಆವೃತ್ತಿ 5.3ರಿಂದ ಅದು ಅಕ್ಷರ ಜೋಡಣೆಗೆ ಎಲ್ಲ ಸಿಸ್ಟಂಗಳಲ್ಲಿಯೂ ಹಾರ್ಫ್‌ಬಜ್ ಅನ್ನೇ ಬಳಸುವುದರಿಂದ ಒತ್ತಕ್ಷರ, ಅರ್ಕಾವತ್ತುಗಳು ಮೂರರಲ್ಲಿಯೂ ಒಂದೇ ರೀತಿ ಕೂಡುತ್ತವೆ. 2009ರ ಜುಲೈ ಕಡತ ಮೂರು ಪರದೆಗಳಲ್ಲಿಯೂ ಹನ್ನೊಂದು ಪುಟಗಳಾಗಿ, ಒಂದೇ ಪದದಲ್ಲಿ ಮುಗಿಯಿತು. ‘ಕೊಳೆರೋಗ’ ಎಂದು ಹುಡುಕಿದಾಗ ಮೂರರಲ್ಲಿಯೂ 214 ಕಡೆ ಸಿಕ್ಕಿತು.

ಅಮ್ಮ ಮಿಂಟ್‌ನಲ್ಲಿ ಕುಳಿತು ಕೂಲಿ ಲೆಕ್ಕದ ಕಡತಗಳನ್ನು ಓದಿ, ಅಪ್ಪ ಬರೆದ ಹೆಸರುಗಳಲ್ಲಿ ಪರಿವರ್ತನೆಯಿಂದ ಕೆಟ್ಟವು ಎಂದು 17 ಜಾಗಗಳನ್ನು ಗುರುತು ಮಾಡಿದ್ದಾರೆ. ಹದಿನೇಳರಲ್ಲಿ ಹದಿನಾಲ್ಕು ಅರ್ಕಾವತ್ತಿನವೇ. ಜನವರಿಯ ಮೊದಲ ವಾರ ಅವನ್ನು ತಿದ್ದಿ, ಮ್ಯಾಕ್‌ನ ಕೀಲಿಮಣೆಗೆ ಸ್ವರಗಳನ್ನು ಸೇರಿಸಿ, ಯಂತ್ರವನ್ನು ಅಕ್ಕನ ಮಗಳಿಗೆ ಹಿಂತಿರುಗಿಸಬೇಕು.