ಮೂರನೆಯ ಪಟ್ಟಿ

11 ಫೆಬ್ರವರಿ 2024, ಭಾನುವಾರ

ಗೇಮಿಂಗ್ ಕಂಪ್ಯೂಟರಿಗೆ ಬೇಕಾದ ಬಿಡಿಭಾಗಗಳ ಪಟ್ಟಿಯನ್ನು ಇಂದು ಮೂರನೆಯ ಸಲ ಬರೆದೆ. ಹಿಂದಿನ ಎರಡೂ ಪಟ್ಟಿಗಳು ಗ್ರಾಫಿಕ್ಸ್ ಕಾರ್ಡಿನಿಂದ ಆರಂಭವಾಗಿದ್ದವು. ಕೈಯಲ್ಲಿರುವ ಹಣಕ್ಕೆ ಎಷ್ಟು ದೊಡ್ಡ ಕಾರ್ಡ್ ಬರುತ್ತದೆಂದು ನೋಡಿ, ಮಿಕ್ಕಿದ್ದರಲ್ಲಿ ಉಳಿದವನ್ನು ಹೇಗಾದರೂ ಹೊಂದಿಸುವುದು ಆಗಿನ ಲೆಕ್ಕಾಚಾರ. ಈ ಸಲ ಮಾನಿಟರಿನಿಂದ ಶುರುಮಾಡಿದೆ. ಮೇಜಿನ ಮೇಲೆ ಈಗಾಗಲೇ ಇರುವುದು 1920×1080 ಪಿಕ್ಸೆಲ್‌ಗಳ, 144 ಹರ್ಟ್ಸ್ ಮಾನಿಟರ್. 2560×1440ರ ಪರದೆಯಾಗಿದ್ದರೆ ಪ್ರತಿ ಫ್ರೇಮಿನಲ್ಲೂ ಇದರ ಸುಮಾರು 1.8 ಪಟ್ಟು ಪಿಕ್ಸೆಲ್‌ಗಳನ್ನು ಮೂಡಿಸಬೇಕಾಗುತ್ತಿತ್ತು. ಆ ಹೊರೆಯೇ ಇಲ್ಲದಿರುವಾಗ ಅದಕ್ಕೆಂದು ತಯಾರಾದ ಕಾರ್ಡಿಗೆ ಹಣ ಸುರಿಯುವುದರಲ್ಲಿ ಅರ್ಥ ಕಾಣಲಿಲ್ಲ. ಹೀಗೆ 8 ಜಿಬಿ ಮೆಮೊರಿಯ ರೇಡಿಯಾನ್ ಆರ್‌ಎಕ್ಸ್ 7600 ಪಟ್ಟಿಗೆ ಬಂತು. ಇಷ್ಟು ಮೆಮೊರಿ ಸಾಲದ ಆಟಗಳೂ ಇವೆ. ಅಂಥವುಗಳಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಗುಣಮಟ್ಟವನ್ನು ಒಂದು ಹಂತ ಇಳಿಸಿಕೊಳ್ಳಲು ನನ್ನ ತಕರಾರಿಲ್ಲ.

ಪ್ರೊಸೆಸರ್ ರೈಜನ್ 5 7600. ಇದೇ ಸಾಲಿನ 7600ಎಕ್ಸ್‌ನಲ್ಲಿಯೂ ಆರೇ ಕೋರ್‌ಗಳಿವೆ, ವೇಗ ತುಸು ಹೆಚ್ಚು; ಆದರೆ ಅದರ ಡಬ್ಬಿಯಲ್ಲಿ ಕೂಲರ್ ಇರುವುದಿಲ್ಲ, ಮೇಲಾಗಿ ತಯಾರಕರು ನಮೂದಿಸುವ ವಿದ್ಯುತ್ ಮಟ್ಟ 65 ವ್ಯಾಟ್ ಇದ್ದದ್ದು 105 ಆಗುತ್ತದೆ. ಆ ಒಂದು ಅಕ್ಷರದ ಆಸೆಗೆ ಬಿದ್ದಿದ್ದರೆ ಕೂಲರನ್ನು ಬೇರೆಯಾಗಿ ಕೊಳ್ಳಬೇಕಾಗುತ್ತಿತ್ತು.

ಎರಡನೆಯ ಪಟ್ಟಿ ಮುಗ್ಗರಿಸಿದ್ದು ರ‍್ಯಾಮ್‌ನಲ್ಲಿ. ಹಳೆಯ ಕಂಪ್ಯೂಟರಿನ, ಹಿಂದಿನ ಪೀಳಿಗೆಯ ಎರಡು ಡಿಡಿಆರ್4 ರ‍್ಯಾಮ್‌ಗಳನ್ನೇ ಬಳಸಿಕೊಂಡರೆ ಒಂದಿಷ್ಟು ಹಣ ಉಳಿಯುತ್ತದೆಂದು ಬರೆದಿಟ್ಟಿದ್ದೆ. ಬೆಳಿಗ್ಗೆ ಅದರಲ್ಲೊಂದನ್ನು ಬಿಚ್ಚಿ, ಹೊಸ ಪೀಳಿಗೆಯ ಡಿಡಿಆರ್5ರ ಚಿತ್ರದ ಪಕ್ಕದಲ್ಲಿ ಹಿಡಿದು ನೋಡಿದೆ. ಎರಡಕ್ಕೂ 288 ಪಿನ್‌ಗಳೇ, ಉದ್ದವೂ ಒಂದೇ. ಆದರೆ ಕೆಳಅಂಚಿನಲ್ಲಿ ಕೊರೆದಿರುವ ಕಚ್ಚು ಮಾತ್ರ ಒಂದಿಷ್ಟು ಆಚೆಗಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಬೇಕೆಂದೇ ಹೀಗೆ ಮಾಡಿದ್ದಾರೆ. ರೈಜನ್ 5 7600 ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ಟಿಗೆ ಡಿಡಿಆರ್5 ಬಿಟ್ಟು ಬೇರೆ ಯಾವುದೂ ಆಗದು. ಹಳೆಯ ರ‍್ಯಾಮನ್ನೇ ಉಳಿಸಿಕೊಳ್ಳಬೇಕೆಂದರೆ ಹಿಂದಿನ ಸಾಕೆಟ್ಟಾದ ಎಎಂ4ರ ರೈಜನ್ 5 5600 ಪ್ರೊಸೆಸರ್ ಮತ್ತು ಬಿ550 ಮದರ್‌ಬೋರ್ಡಿನ ಕಡೆಗೆ ಹೋಗಬೇಕು. ಅದು ಕಡಿಮೆ ಖರ್ಚಿನ, ಎಳ್ಳಷ್ಟೂ ನಾಚಿಕೆಪಡಬೇಕಿಲ್ಲದ ಆಯ್ಕೆ. ಅರ್ಧ ದಿನ ಅದರಲ್ಲೇ ಮನಸ್ಸಿತ್ತು. ಆದರೆ 2016ರಿಂದ ನಡೆದುಬಂದ ಆ ಸಾಕೆಟ್ ಈಗ ಕೊನೆಯ ಘಟ್ಟದಲ್ಲಿದೆ, ಎಎಂ5 ಬಂದಿದ್ದು 2022ರಲ್ಲಿ. ಮೂರ‍್ನಾಲ್ಕು ವರ್ಷಗಳ ಬಳಿಕ ಬೋರ್ಡನ್ನು ಮುಟ್ಟದೆ ಪ್ರೊಸೆಸರ್ ಒಂದನ್ನೇ ಬದಲಾಯಿಸುವ ದಾರಿ ತೆರೆದಿರಲಿ ಎಂದು ಎಎಂ5 ಸಾಕೆಟ್ಟಿನ, ಚಿಕ್ಕ ಅಳತೆಯ ಬಿ650 ಮೈಕ್ರೊ ಎಟಿಎಕ್ಸ್ ಬೋರ್ಡಿಗೇ ಮರಳಿದೆ. ರ‍್ಯಾಮ್ 16 ಜಿಬಿಯ ಎರಡು, ವೇಗ 6000. ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ, ರ‍್ಯಾಮನ್ನು ಈ ವೇಗಕ್ಕೆ ಏರಿಸುವ ಎಕ್ಸ್‌ಪೊ ಆನ್ ಮಾಡದಿದ್ದರೆ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ ಎಂಬುದನ್ನು ಪಟ್ಟಿಯ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಆಟಗಳನ್ನೂ ಕಡತಗಳನ್ನೂ ಇಡುವ ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ (ವೇಗದ ಬಗೆಯದು). ಅದರಲ್ಲಿ ಯೋಚಿಸುವಂಥದ್ದು ಹೆಚ್ಚೇನೂ ಇರಲಿಲ್ಲ. ಎಲ್ಲದಕ್ಕೂ ವಿದ್ಯುತ್ ಒದಗಿಸುವ ಎಸ್‌ಎಮ್‌ಪಿಎಸ್ ವಿಷಯದಲ್ಲಿ ಕೂಡಿಸಿ ನೋಡಿದೆ: ಕಾರ್ಡಿಗೆ 165 ವ್ಯಾಟ್, ಪ್ರೊಸೆಸರಿಗೆ ಹೆಚ್ಚೆಂದರೆ 88, ಉಳಿದುದಕ್ಕೆ 50. 550 ವ್ಯಾಟಿನ ಒಳ್ಳೆಯದೊಂದು ಧಾರಾಳವಾಗಿ ಸಾಕು. ಹೆಸರಿಲ್ಲದ 750ಕ್ಕಿಂತ ಅದೇ ವಾಸಿ.

ಉಳಿದದ್ದು ಕ್ಯಾಬಿನೆಟ್. ಹಳೆಯದನ್ನೇ ಉಳಿಸಿಕೊಳ್ಳುವ ಆಸೆಯಿಂದ ಸ್ಕೇಲು ಹಿಡಿದು ಕೂತೆ. ನಾನು ಮೆಚ್ಚಿದ್ದ ಮೂರು ಫ್ಯಾನಿನ ಕಾರ್ಡಿನ ಉದ್ದ 280 ಮಿ.ಮೀ. ಒಳಗಿನ ಜಾಗ 300 ಇತ್ತು. ಆದರೆ ಮುಂದುಗಡೆ 25 ಮಿ.ಮೀ. ದಪ್ಪದ ಫ್ಯಾನ್ ಕೂರಿಸಿರುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ರಟ್ಟನ್ನು ಕಾರ್ಡಿನ ಅಳತೆಗೆ ಕತ್ತರಿಸಿ ಇಟ್ಟು ನೋಡಿದರೆ ತುದಿ ಫ್ಯಾನಿಗೆ ತಾಗಿ ಬಾಗಿತು. ಅದೇ ಚಿಪ್ ಇರುವ, ಎರಡು ಫ್ಯಾನಿನ, 240 ಮಿ.ಮೀ. ಉದ್ದದ ಕಾರ್ಡನ್ನು ಆ ಸಾಲಿಗೆ ಬರೆದು, ರಟ್ಟನ್ನೂ ಅಷ್ಟಕ್ಕೇ ಕತ್ತರಿಸಿದೆ. ಮೇಲಂಚಿಗೆ ಸಿಕ್ಕಿಸುವ ಪವರ್ ಕೇಬಲ್ಲಿನ ಬಾಗಿಗೆಂದು ಎರಡು ಬೆರಳು ಅಡ್ಡ ಇಟ್ಟು ಪಕ್ಕದ ಬಾಗಿಲನ್ನು ಸರಿಸಿದೆ, ಬೆರಳಿಗೆ ತಾಗಲಿಲ್ಲ.