‘ನಿಮ್ಮ ಕಡೆಯವರು ಏನಂತಾರೆ?’ ಅಂತ ಕ್ಲಾಸಲ್ಲಿ ಕೇಳಿದ ದಿನ

ಕಾಲೇಜಲ್ಲಿ ಸಂಘರ್ಷ ಪರಿಹಾರದ ಪೇಪರ್ ಕಲಿಸೋಕೆ ಶುರು ಮಾಡಿ ನನಗೆ ಒಂಬತ್ತು ವರ್ಷ ಆಯಿತು. ಭಾಷೆ, ಜನಾಂಗ, ಧರ್ಮದ ಹೆಸರಲ್ಲಿ ಹೊಡೆದಾಡಿಕೊಂಡ ಜನ ಮತ್ತೆ ಒಟ್ಟಿಗೆ ಬಾಳೋದು ಹೇಗೆ ಅನ್ನೋದೇ ಅದರ ವಿಷಯ. ಕಳೆದ ಸೆಮಿಸ್ಟರ್‌ನ ಒಂದು ಗುರುವಾರ ಅದೇ ಕ್ಲಾಸಲ್ಲಿ ನಾನು ಮಾಡಿದ ತಪ್ಪು ಇನ್ನೂ ಚುಚ್ಚುತ್ತಿದೆ.

ಆ ವಾರ ಪೋರ್ಷನ್ ಹಿಂದೆ ಬಿದ್ದಿತ್ತು. ಸೆಕೆಂಡ್ ಇಂಟರ್ನಲ್ಸ್‌ಗೆ ಹತ್ತೇ ದಿನ ಇತ್ತು, ಎಚ್‌ಒಡಿ ದಿನಾ ವರ್ಕ್ ಡೈರಿ ಕೇಳುತ್ತಿದ್ದರು. ಸಂವಾದದ ಕ್ಲಾಸಿಗೆ ಮೊದಲು ನಾನು ಯಾವಾಗಲೂ ಒಂದು ಪೂರ್ತಿ ಪೀರಿಯಡ್ ಬರೀ ನಿಯಮಗಳಿಗೆ ಇಡುತ್ತೇನೆ. ಸುಮ್ನೆ ಕೇಳಿಸಿಕೊಂಡು ಕೂರಬಹುದು, ಬೇಡ ಅನಿಸಿದರೆ ‘ಪಾಸ್’ ಅನ್ನಬಹುದು, ಯಾರೂ ಯಾರ ಪರವಾಗಿಯೂ ಮಾತಾಡಬೇಕಿಲ್ಲ, ಇಂಥವು. ಈ ಸಲ ಒಂದು ಪೀರಿಯಡ್ ಉಳಿಯುತ್ತೆ ಅಂತ ಅದನ್ನು ಬಿಟ್ಟೆ.

ಕ್ಲಾಸಲ್ಲಿ 38 ಜನ. ಅದರಲ್ಲಿ ನಾಲ್ಕೇ ಜನ ಒಂದು ಸಮುದಾಯದವರು, ಉಳಿದವರು ಇನ್ನೊಂದು ಸಮುದಾಯದವರು. ಹಿಂದಿನ ವಾರ ಕ್ಯಾಂಪಸ್ ಹೊರಗೆ ಎರಡೂ ಸಮುದಾಯಗಳ ನಡುವೆ ಗಲಾಟೆ ಆಗಿತ್ತು, ಎಲ್ಲರ ಫೋನಲ್ಲೂ ಅದರದ್ದೇ ವಿಡಿಯೊ. ಬಿಸಿ ಇರುವಾಗಲೇ ಮಾತಾಡಿಸೋಣ ಅಂದುಕೊಂಡೆ.

ಹತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಬ್ಬ ಹುಡುಗ, ‘ಶುರು ಮಾಡಿದ್ದು ಅವರೇ ಅಲ್ವಾ ಮೇಡಂ’ ಅಂದ. ಹಿಂದಿನ ಬೆಂಚುಗಳಿಂದ ಹೌದು ಹೌದು ಅನ್ನೋ ಗುಜುಗುಜು. ಮಾತು ಒಂದೇ ಕಡೆ ವಾಲುತ್ತಿದೆ, ಇನ್ನೊಂದು ದನಿಗೂ ಜಾಗ ಕೊಡಬೇಕು ಅಂತ ನನಗೆ ಅನಿಸಿತು. ಆ ನಾಲ್ವರಲ್ಲಿ ಮೊದಲ ಬೆಂಚಲ್ಲಿ ಕೂತಿದ್ದ ಒಬ್ಬನ ಕಡೆ ತಿರುಗಿ, ‘ನೀನು ಹೇಳಪ್ಪ, ನಿಮ್ಮ ಕಡೆಯವರು ಇದನ್ನ ಹೇಗೆ ನೋಡ್ತಾರೆ?’ ಅಂತ ಕೇಳಿದೆ.

ಅವನು ಬರೆಯೋದು ನಿಲ್ಲಿಸಿ ಪೆನ್ನಿನ ಕ್ಯಾಪ್ ಹಾಕಿದ. 37 ತಲೆ ಅವನ ಕಡೆ ತಿರುಗಿದವು. ನಾನು ಕಾದೆ. ಸಂವಾದದಲ್ಲಿ ಮೌನ ಬಂದಾಗ ಅವಸರಪಟ್ಟು ಮುರಿಯಬಾರದು ಅಂತ ನಮಗೆ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಿರುತ್ತಾರೆ. ಅವನು ಯೋಚನೆ ಮಾಡ್ತಿದ್ದಾನೆ ಅಂದುಕೊಂಡೆ. ಅವನ ಕಿವಿ ಕೆಂಪಾಗಿತ್ತು, ನನಗೆ ಕಾಣಿಸಿತು, ಆದರೂ ಕಾದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, ‘ಹೇಳೋ, ಏನಂತಾರೆ ನಿಮ್ಮವರು?’ ಅಂದರು. ಅದು ನನ್ನದೇ ಪ್ರಶ್ನೆ. ಬೇರೆ ಬಾಯಿಂದ ಬಂದಾಗ ಮಾತ್ರ ಅದು ಏನು ಅಂತ ನನಗೆ ಕೇಳಿಸಿತು.

‘ನನಗೆ ಗೊತ್ತಿಲ್ಲ ಮೇಡಂ. ನಾನು ಎಲ್ಲರನ್ನೂ ಕೇಳಿಲ್ಲ’ ಅಂದ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಉಳಿದ ಮೂವರು ತಲೆ ಎತ್ತಲಿಲ್ಲ.

ಇನ್ನೂ ಇಪ್ಪತ್ತು ನಿಮಿಷ ಇತ್ತು. ಪ್ರಶ್ನೆ ತಪ್ಪು, ಕೇಳಿದ್ದು ನಾನು ಅಂತ ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಪಿಪಿಟಿ ಹಾಕಿ ಮುಂದಿನ ಯೂನಿಟ್ ಶುರು ಮಾಡಿದೆ. ಕೇಳಿದ್ದಕ್ಕಿಂತ ಈ ಇಪ್ಪತ್ತು ನಿಮಿಷವೇ ನನಗೆ ಜಾಸ್ತಿ ನೋವು ಕೊಡುತ್ತೆ. ಹಿಂದಿನಿಂದ ಕೂಗಿದವರಿಗೆ ನನ್ನ ಒಪ್ಪಿಗೆ ಇದೆ ಅಂತ ಆಯಿತಲ್ಲ.

ಅದೇ ವಾರ ಸೋಮವಾರ ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ ಬಗ್ಗೆ ಪಾಠ ಮಾಡಿದ್ದೆ. ಎರಡು ಗುಂಪಿನವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ ಮಾತ್ರಕ್ಕೆ ಪೂರ್ವಗ್ರಹ ಕರಗಲ್ಲ ಅಂತ ಅವರು 1954ರಲ್ಲೇ ಬರೆದರು. ಅಲ್ಲಿ ಇಬ್ಬರಿಗೂ ಸಮಾನ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಒಟ್ಟಿಗೆ ದುಡಿಯಬೇಕು, ಮೇಲಿರುವವರ ಬೆಂಬಲ ಬೇಕು. 34 ಜನರ ಎದುರು ನಾಲ್ವರಲ್ಲಿ ಒಬ್ಬನನ್ನು ಎಬ್ಬಿಸಿ ಇಡೀ ಸಮುದಾಯದ ಪರವಾಗಿ ಉತ್ತರ ಕೇಳಿದರೆ ಎಲ್ಲಿಯ ಸಮಾನ ಸ್ಥಾನ? ಬಹುಸಂಖ್ಯಾತ ಹುಡುಗನನ್ನು ‘ನಿಮ್ಮ ಕಡೆಯವರು’ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಅವನು ಹೇಳಿದ್ದು ಅವನ ಅಭಿಪ್ರಾಯ ಅಂತಲೇ ತಗೊಂಡಿದ್ದೆ.

ಮರುದಿನ ಲೈಬ್ರರಿಯಲ್ಲಿ ಅವನನ್ನು ಹುಡುಕಿ ಕ್ಷಮೆ ಕೇಳಿದೆ. ಇವನು ನನ್ನ ಒಳ್ಳೆಯ ಪ್ರಶ್ನೆಗಳ ಹುಡುಗ. ಜಗತ್ತಿನ ಯುದ್ಧಗಳ ಲೆಕ್ಕ ಇಡುವ ಸ್ವೀಡನ್‌ನ ಉಪ್ಸಾಲ ವಿಶ್ವವಿದ್ಯಾಲಯದವರು ಒಂದು ವರ್ಷದಲ್ಲಿ ಕನಿಷ್ಠ 25 ಜನ ಕಾಳಗದಲ್ಲಿ ಸತ್ತರೆ ಮಾತ್ರ ಅದನ್ನು ಸಶಸ್ತ್ರ ಸಂಘರ್ಷ ಅಂತ ಎಣಿಸುತ್ತಾರೆ ಅಂದಾಗ, ‘24 ಜನ ಸತ್ತ ಊರಿನವರಿಗೆ ಏನು ಹೇಳೋದು ಮೇಡಂ?’ ಅಂತ ಕೇಳಿದ್ದವನು. ಲೈಬ್ರರಿಯಲ್ಲಿ ಅವನು ಹೇಳಿದ್ದು ಇಷ್ಟು: ‘ಮೂರು ತಿಂಗಳು ನಾನು ನಿಮ್ಮ ಸ್ಟೂಡೆಂಟ್ ಆಗಿದ್ದೆ ಮೇಡಂ. ನಿನ್ನೆ ಆ ಕಡೆಯವನು ಆಗಿಬಿಟ್ಟೆ.’

ಅವನನ್ನು ಕೇಳಿಕೊಂಡೇ, ಸೋಮವಾರ ಇಡೀ ಕ್ಲಾಸಿನ ಮುಂದೆ ನನ್ನ ತಪ್ಪು ಹೇಳಿದೆ. ಎಲ್ಲರೆದುರು ಮಾಡಿದ್ದನ್ನು ಚೇಂಬರ್‌ನಲ್ಲಿ ಗುಟ್ಟಾಗಿ ಸರಿಮಾಡೋಕೆ ಆಗಲ್ಲ. ಹೇಳುವಾಗ ನನ್ನ ದನಿ ನಡುಗಿತು.

ಆಮೇಲೆ ವಿಧಾನವನ್ನೇ ಬದಲಾಯಿಸಿದೆ. 1971ರಲ್ಲಿ ಅಮೆರಿಕದ ಆಸ್ಟಿನ್‌ನ ಶಾಲೆಗಳಲ್ಲಿ ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ಶುರು ಮಾಡಿದ ಜಿಗ್‌ಸಾ ಪದ್ಧತಿ ಅದು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡೋದು, ಪಕ್ಕದವನ ಮಾತು ಕೇಳದೆ ಯಾರಿಗೂ ಪೂರ್ತಿ ಚಿತ್ರ ಸಿಗಬಾರದು. ವಿಷಯವನ್ನೂ ನಮ್ಮ ಬೀದಿಯಿಂದ ದೂರ ಒಯ್ದೆ. ಶ್ರೀಲಂಕಾದ ವಿಶ್ವವಿದ್ಯಾಲಯ ಪ್ರವೇಶದ ಕತೆ. 1971ರಲ್ಲಿ ಅಲ್ಲಿ ಮೆಡಿಕಲ್ ಸೀಟಿಗೆ 400ಕ್ಕೆ ತಮಿಳು ವಿದ್ಯಾರ್ಥಿಗೆ 250 ಅಂಕ ಬೇಕಿತ್ತು, ಸಿಂಹಳ ವಿದ್ಯಾರ್ಥಿಗೆ 229 ಸಾಕಿತ್ತು. ಒಬ್ಬರಿಗೆ ಈ ಅಂಕಗಳ ತುಂಡು, ಒಬ್ಬರಿಗೆ ಒಳ್ಳೆ ಶಾಲೆ ಇಲ್ಲದ ಹಳ್ಳಿಗಳದ್ದು, ಒಬ್ಬರಿಗೆ ಸೀಟುಗಳ ಕೊರತೆ, ಒಬ್ಬರಿಗೆ ಆಮೇಲೆ ಬಂದ ಜಿಲ್ಲಾವಾರು ಕೋಟಾ. 1983ರಿಂದ 2009ರವರೆಗೆ ನಡೆದ ಯುದ್ಧಕ್ಕೆ ಕಾರಣ ಹಲವು, ಆದರೆ ತಮಿಳು ಯುವಕರ ಸಿಟ್ಟಿಗೆ ಈ ಅಂಕಗಳು ದೊಡ್ಡ ಕಾರಣ ಆದವು. ಜಗಳ ಬಿಡಿಸೋಕೆ ಕಲಿಸಬೇಕಾದ ವಿಶ್ವವಿದ್ಯಾಲಯದ ಬಾಗಿಲಲ್ಲೇ ಜಗಳ ಹುಟ್ಟಬಹುದು ಅನ್ನೋದು ಆ ದಿನ ಹುಡುಗರಿಗೆ ತಾನಾಗಿ ಹೊಳೆಯಿತು. ‘ಶುರು ಮಾಡಿದ್ದು ಅವರೇ’ ಅಂದಿದ್ದ ಹುಡುಗ, ಇಲ್ಲಿ ಯಾರು ಶುರು ಮಾಡಿದರು ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡ.

ನಮ್ಮ ಮ್ಯಾನೇಜ್‌ಮೆಂಟಿಗೆ ಇದೆಲ್ಲ ಬೇಕಿಲ್ಲ. ಅವರಿಗೆ ಸೌಹಾರ್ದ ಅಂದರೆ ವರ್ಷಕ್ಕೊಂದು ಗೆಸ್ಟ್ ಲೆಕ್ಚರ್, ಫೋಟೊ, ರಿಪೋರ್ಟ್. ಬೆಂಚುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ, ಮುಖಾಮುಖಿ ಕೂರೋದಕ್ಕೇ ಆಗಲ್ಲ. ಫೀಡ್‌ಬ್ಯಾಕ್ ಫಾರಂನಲ್ಲಿ ಪೋರ್ಷನ್ ಮುಗಿಯಿತಾ ಅಂತ ಇದೆ, ಈ ಕ್ಲಾಸಲ್ಲಿ ಭಯ ಇಲ್ಲದೆ ಕೂತಿದ್ದೆಯಾ ಅಂತ ಎಲ್ಲೂ ಇಲ್ಲ. ಎರಡು ಸಲ ಬರೆದುಕೊಟ್ಟೆ. ಉತ್ತರ ಬಂದಿಲ್ಲ, ಮತ್ತೆ ಬರೆಯುತ್ತೇನೆ.

ಈ ಸೆಮಿಸ್ಟರ್ ನಿಯಮಗಳ ಪೀರಿಯಡ್ ಬಿಟ್ಟಿಲ್ಲ. ಆ ಹುಡುಗ ಕೋರ್ಸ್ ಮುಗಿಸಿದ, ಒಳ್ಳೆ ಮಾರ್ಕ್ಸ್ ತಗೊಂಡ, ಕಾರಿಡಾರಲ್ಲಿ ಸಿಕ್ಕರೆ ನಮಸ್ತೆ ಅಂತಾನೆ. ಆದರೆ ಆ ಗುರುವಾರದ ನಂತರ ಸೆಮಿಸ್ಟರ್ ಮುಗಿಯೋವರೆಗೂ ಅವನು ಮೊದಲ ಬೆಂಚಿಗೆ ಬರಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.