ಪೇಶಂಟ್ ಕಡೆಯವರು

ಹೋದ ವಾರ ನಮ್ಮ ವಾರ್ಡಿನಲ್ಲಿ ಒಂಬತ್ತು ವರ್ಷದ ಹುಡುಗಿ ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಕಾಯಿಲೆ ಒಬ್ಬರಿಗೆ ಬಂದರೂ ನರಳುವುದು ಮನೆಮಂದಿಯೆಲ್ಲ. ನರ್ಸ್‌ಗಳಿಗೆ ಇದನ್ನು ಕಲಿಸಲೆಂದೇ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಪ್ರಾಧ್ಯಾಪಕಿ ಲೊರೇನ್ ರೈಟ್ 1982ರಲ್ಲಿ ಒಂದು ಘಟಕ ಶುರುಮಾಡಿದರು. ಊರು ಬಿಟ್ಟು ನರ್ಸ್ ಆಗಿ ಇಲ್ಲಿಗೆ ಬಂದ ಮೇಲೆ ನಾನು ಕಲಿತದ್ದು ಅದೇ ಪಾಠ. ಹದಿನೈದು ನಿಮಿಷ ಸಿಕ್ಕರೂ ಸಾಕು. ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದು, ಯಾರು ಯಾರಿಗೆ ಏನಾಗಬೇಕು ಅಂತ ಗೆರೆ ಎಳೆಯಬೇಕು. ಆಮೇಲೆ ಕೇಳಬೇಕು: "ಒಂದೇ ಒಂದು ಪ್ರಶ್ನೆಗೆ ಉತ್ತರ ಸಿಗುತ್ತೆ ಅಂದ್ರೆ ಏನು ಕೇಳ್ತೀರಿ?"

ಹಾರ್ಟ್ ಫೇಲ್ಯೂರ್ ಆದ ಅಜ್ಜನ ಮಂಚದ ಸುತ್ತ ದೊಡ್ಡವರೆಲ್ಲ ಯೋಚಿಸುತ್ತಿದ್ದರು. ಮೊಮ್ಮಗಳು ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿದಳು. "ಉಪ್ಪಿನ ಪಾಪ್‌ಕಾರ್ನ್ ಕೊಟ್ಟಿದ್ದು ನಾನೇ. ಅದಕ್ಕೇ ತಾತನ ಕಾಲಲ್ಲಿ ನೀರು ತುಂಬಿತಾ?"

ಹೃದಯ ಸೋತು ವರ್ಷಗಳೇ ಆಗಿವೆ, ನಿನ್ನಿಂದ ಅಲ್ಲ ಪುಟ್ಟಾ, ಅಂತ ಹೇಳಿದೆ. ಹಾಳೆಯಲ್ಲಿ ಅವಳದೇ ಪುಟ್ಟ ಸೊನ್ನೆಯನ್ನು ಬೆರಳಿನಿಂದ ಮುಟ್ಟುತ್ತಾ ಕೂತಳು.

ನನಗೆ ಅಮ್ಮ ನೆನಪಾದಳು. ಅಪ್ಪನಿಗೆ ಕಿಡ್ನಿ ಕೈಕೊಟ್ಟಾಗ ಹನ್ನೊಂದು ದಿನ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ್ದಳು. ಬೆಡ್‌ಪ್ಯಾನ್ ಇಟ್ಟವಳು, ಗಂಜಿ ಕುಡಿಸಿದವಳು, ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡಿದವಳು ಅವಳೇ. ಆಸ್ಪತ್ರೆಯಲ್ಲಿ ಅವಳಿಗಿದ್ದ ಹೆಸರು "ಪೇಶಂಟ್ ಕಡೆಯವರು". ರೌಂಡ್ಸ್ ಹೊತ್ತಿಗೆ "ಕಡೆಯವರೆಲ್ಲ ಹೊರಗೆ ನಡೀರಿ!" ಊರಿನಲ್ಲಿ ನರ್ಸ್ ಆಗಿದ್ದಾಗ ನಾನೂ ಹಾಗೇ ಕೂಗಿದ್ದೇನೆ. ವಾರ್ಡ್ ತುಂಬಿ ತುಳುಕುವಾಗ ಕೂತು ಮಾತಾಡಲು ಪುರುಸೊತ್ತಿಲ್ಲ, ನಿಜ. ಆದರೆ ಕೇಳಬೇಕು ಅಂತಲೂ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮಲ್ಲಿ ತಿಳಿದವರಿಲ್ಲ ಅಂತಲ್ಲ. ಮಾನಸಿಕ ಕಾಯಿಲೆಗೆ ಮನೆಯವರನ್ನೂ ಜೊತೆಗಿಟ್ಟುಕೊಂಡು ಚಿಕಿತ್ಸೆ ಕೊಡುವುದನ್ನು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1950ರ ದಶಕದಲ್ಲೇ ಶುರುಮಾಡಿದ್ದರು. ನಮ್ಮ ನಿಮ್ಹಾನ್ಸ್‌ನಲ್ಲೂ ಅದಕ್ಕೆಂದೇ ಕೇಂದ್ರ ಇದೆ. ಹೆಮ್ಮೆ ಅನಿಸುತ್ತದೆ. ಆ ತಿಳಿವಳಿಕೆ ಕಿಡ್ನಿ ವಾರ್ಡಿಗೂ ಬರಬೇಕಿತ್ತು, ಅಲ್ವಾ? ಮನೆಯವರು ಹೇಗೂ ಅಲ್ಲೇ ಇರುತ್ತಾರೆ, ಹಗಲೂ ರಾತ್ರಿ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ, ಒಂದೇ ಪ್ರಶ್ನೆಗೆ ಉತ್ತರ ಸಿಗುತ್ತೆ ಅಂದ್ರೆ ಏನು ಕೇಳ್ತೀಯಾ ಅಂತ ಅವಳನ್ನೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಕೊನೇ ರಾತ್ರಿ ನಿಮ್ಮಪ್ಪ ನೀರು ನೀರು ಅಂದ್ರು. ಆಸ್ಪತ್ರೆಯವರು ಜಾಸ್ತಿ ಕೊಡಬೇಡಿ ಅಂದಿದ್ರು. ತಡೀಲಾರದೆ ಅರ್ಧ ಲೋಟ ಕೊಟ್ಟೆ. ಅದಕ್ಕೇ ಹೋದ್ರಾ ಮಗಾ?"

"ಅಲ್ಲಮ್ಮ" ಅಂದೆ. ಹದಿನಾಲ್ಕು ವರ್ಷವಾದ ಮೇಲೆ.